ಮೊಟ್ಟೆಯಿಲ್ಲದ ದಾಶಿಮಾಕಿ: ಪದರಗಳು ಈಗ ಅಂಟುತ್ತಿವೆ

ಹೆಸರುಬೇಳೆಯಲ್ಲಿ ಜಪಾನಿನ ಸುರುಳಿ ಆಮ್ಲೆಟ್ ಮಾಡುವ ಕೆಲಸ ಈ ವಾರ ಒಂದು ಹದಕ್ಕೆ ಬಂತು. ಕೊಯ್ದರೆ ಪದರ ಕಾಣುತ್ತದೆ, ಆದರೆ ಬಿಚ್ಚಿಕೊಳ್ಳುವುದಿಲ್ಲ. ಇಷ್ಟು ದಿನ ಕಾಡಿದ್ದು ಇದೇ.

ನಾನು ಬೆನ್ನು ಹತ್ತಿರುವುದು ಈ ಆಮ್ಲೆಟ್‌ನ ಕ್ಯೋಟೋ ಕಡೆಯ ಬಗೆಯಾದ ದಾಶಿಮಾಕಿಯನ್ನು. ಟೋಕಿಯೋ ಕಡೆ ಸಕ್ಕರೆ ಜಾಸ್ತಿ, ಹೊರಮೈ ಕಂದು. ಕ್ಯೋಟೋ, ಒಸಾಕಾದವರು ಮೊಟ್ಟೆಗೆ ದಾಶಿ ಸಾರನ್ನು ಧಾರಾಳವಾಗಿ ಸೇರಿಸುತ್ತಾರೆ. ಕಚ್ಚಿದರೆ ಸಾರು ಒಸರಬೇಕು. ಹಾಗಾಗಿ ಮೊಟ್ಟೆಯ ರುಚಿ ನನಗೆ ಆಮೇಲಿನ ಮಾತು. ಮೊದಲು ಆ ರಸ ಬರಬೇಕು, ಅಲ್ವಾ?

ಮಾಮೂಲಿ ದಾಶಿಗೆ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಮೀನಿನ ಚಕ್ಕೆ ಬೇಕು. ಮೀನಿನ ಬದಲು ನಾನು ಒಣ ಶಿಟಾಕೆ ಅಣಬೆ ಹಾಕುತ್ತೇನೆ. ಬೌದ್ಧ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆಯಲ್ಲಿ ಇದು ಹಳೆಯ ರೂಢಿ. ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಕಂಡುಕೊಂಡರು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಕಾರಕ ಇದೆ. ಎರಡೂ ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ. ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸುತ್ತೇನೆ. ಬೆಳಿಗ್ಗೆ ಬಿಸಿಗಿಟ್ಟು, ಕುದಿ ಬರುವ ಮೊದಲೇ ಕೊಂಬು ತೆಗೆದುಬಿಡಬೇಕು. ಇಲ್ಲದಿದ್ದರೆ ಲೋಳೆ ಬರುತ್ತದೆ.

ಹೆಸರುಬೇಳೆ ಆರು ಗಂಟೆ ನೆನೆಯಬೇಕು. ಅದನ್ನು ದಾಶಿ ಹಾಕಿಯೇ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸುತ್ತೇನೆ. ಸೋಸದಿದ್ದರೆ ತರಿತರಿ, ನಮ್ಮ ಹೆಸರುಬೇಳೆ ದೋಸೆಯೇ ಆಗುತ್ತದೆ. ಜೊತೆಗೆ ಚಿಟಿಕೆ ಅರಿಸಿನ, ಸ್ವಲ್ಪ ಸೋಯಾ ಸಾಸ್, ಎರಡು ಚಮಚ ಆಲೂಗಡ್ಡೆ ಪಿಷ್ಟ. ದಾಶಿ ಜಾಸ್ತಿಯಾದಾಗ ನೀರು ಬಿಡದಿರಲಿ ಅಂತ ಜಪಾನಿನಲ್ಲೂ ಮೊಟ್ಟೆಗೆ ಈ ಪಿಷ್ಟ ಬೆರೆಸುವುದುಂಟು.

ಈಗ ಸುತ್ತುವ ವಿಷಯ. ಮೊಟ್ಟೆಯಾದರೆ ಮೇಲ್ಮೈ ಅರೆಬೆಂದಿರುವಾಗಲೇ ಸುತ್ತುತ್ತಾರೆ. ಆ ಹಸಿಯೇ ಅಂಟು. ಬೇಳೆ ಹಿಟ್ಟು ಹಾಗಲ್ಲ. ನಡುವೆ ಹಸಿ ಇರುವಾಗಲೇ ಅಂಚು ಒಣಗಿ ಬಿರಿಯುತ್ತದೆ. ಮುಚ್ಚಳದಿಂದ ಅದು ಸರಿಹೋಯಿತು. ಸಣ್ಣ ಉರಿಯಲ್ಲಿ ತೆಳ್ಳಗೆ ಹೊಯ್ದು ಕೂಡಲೇ ಮುಚ್ಚಿದರೆ ಆವಿಗೆ ಅಂಚೂ ಮೆತ್ತಗೆ ಉಳಿಯುತ್ತದೆ. ಮೇಲೆ ಹೊಳಪು ಇನ್ನೂ ಇರುವಾಗ, ಬೆರಳಿಗೆ ತುಸು ಅಂಟುವ ಹೊತ್ತಿಗೆ ಸುತ್ತುತ್ತೇನೆ. ಸುರುಳಿಯನ್ನು ಚೌಕದ ಬಾಣಲೆಯ ಆಚೆ ಬದಿಗೆ ತಳ್ಳಿ, ಎಣ್ಣೆ ಸವರಿ, ಮತ್ತೆ ಹಿಟ್ಟು. ಆಗ ಸುರುಳಿಯನ್ನು ಸ್ವಲ್ಪ ಎತ್ತಿ ಅದರ ಅಡಿಗೂ ಹಿಟ್ಟು ಹರಿಯಲು ಬಿಡಬೇಕು. ಹೊಸ ಪದರ ಹಳೆಯದನ್ನು ಹಿಡಿದುಕೊಳ್ಳುವುದು ಅಲ್ಲೇ. ಇಳಿಸಿದ ಮೇಲೆ ಬಿದಿರಿನ ಚಾಪೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಆರುತ್ತಾ ಆಕಾರ ನಿಲ್ಲುತ್ತದೆ.

ಕಾಲಾ ನಮಕ್ (ಕಪ್ಪು ಉಪ್ಪು) ಹಿಟ್ಟಿಗೆ ಹಾಕಿದರೆ ಅದರ ಗಂಧಕದ ವಾಸನೆ ಬಿಸಿಗೆ ಹಾರಿಹೋಗುತ್ತದೆ. ಈಗ ಕೊನೆಯ ಪದರ ಸುತ್ತುವ ಮುಂಚೆ ಉದುರಿಸುತ್ತೇನೆ. ಮೊಟ್ಟೆಯ ವಾಸನೆ ಹದವಾಗಿ ಬರುತ್ತದೆ. ಪಕ್ಕಕ್ಕೆ ತುರಿದ ಮೂಲಂಗಿ ಇರಲೇಬೇಕು, ಬಹಳ ಚೆನ್ನಾಗಿ ಹೊಂದುತ್ತದೆ.

ಬಾಕಿ ಉಳಿದಿರುವುದು ರಸ. ದಾಶಿ ಇನ್ನೂ ಏರಿಸಿದರೆ ಸುರುಳಿ ಕುಸಿಯುತ್ತದೆ. ಹಾಗಾಗಿ ಮುಂದಿನ ಸಲ ನಡುವೆ ಯುಬಾ ಇಡುವ ಯೋಚನೆ. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ ಅದು, ಕ್ಯೋಟೋದಲ್ಲಿ ಬಹಳ ಹೆಸರುವಾಸಿ. ದಾಶಿಯಲ್ಲಿ ಅದ್ದಿಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಸೋಯಾಬೀನ್ ನೆನೆಹಾಕಿದ್ದೇನೆ, ನಾಳೆ ಹಾಲು ತೆಗೆಯಬೇಕು.