ಬೀಪ್ ಬರಲಿಲ್ಲ ಅಂತ ಬಲ್ಬ್ ಬದಲಾಯಿಸಿದೆ

ಪಾಂಡವಪುರದ ಹತ್ತಿರ ರಾತ್ರಿ ಮೆಷಿನ್ನಿನಲ್ಲಿ ಕಬ್ಬು ಕಟಾವು ನಡೆದಿತ್ತು, ನಾನು ವರ್ಕ್‌ಶಾಪಿನಿಂದ ರಿಪೇರಿಗೆ ಹೋಗಿದ್ದೆ. ಮೆಷಿನ್ನಿನ ಎಡಗಡೆ ಕ್ಸೆನಾನ್ ಲೈಟು ಪಕ್ಕನೆ ಹೊತ್ತಿ ಹಾಗೇ ಆರುತ್ತಿತ್ತು. ಕನೆಕ್ಟರ್ ಬಿಚ್ಚಿ ನೋಡಿದೆ, 24 ವೋಲ್ಟ್ ಇತ್ತು. ಬಲ್ಬಿಗೆ ಮೀಟರ್ ಹಿಡಿದೆ, ಒಳಗೆ ತಂತಿ ಕೂಡಿದ್ದರೆ ಬರುವ ಬೀಪ್ ಇಲ್ಲ. ‘ಬಲ್ಬ್ ಹೋಗಿದೆ’ ಅಂದುಬಿಟ್ಟೆ.

ಮೈಸೂರಿನಿಂದ ಹೊಸ ಬಲ್ಬ್ ತರುವ ಹೊತ್ತಿಗೆ ಮಾರನೇ ದಿನ ಸಂಜೆ. ಹಾಕಿದೆ. ಅದೇ ಕಥೆ. ಹಿಂದೆ ಮೂರು ಟ್ರ್ಯಾಕ್ಟರ್ ಲೋಡಿಗೆ ಕಾಯುತ್ತಿದ್ದವು. ‘ಏನಪ್ಪಾ, ಬೆಳಗಾಗೋದ್ರೊಳಗೆ ಆಯ್ತದಾ?’ ಅಂತ ಕಬ್ಬಿನ ಯಜಮಾನರು ಕೇಳಿದರು. ನನಗೆ ಬೆವರು. ಬ್ಯಾಲಸ್ಟ್ ಅಂದರೆ ಬಲ್ಬ್ ಹೊತ್ತಿಸಲು ವೋಲ್ಟೇಜ್ ಏರಿಸುವ ಡಬ್ಬಿ. ಅದರಿಂದ ಬಲ್ಬಿಗೆ ಹೋಗುವ ವೈರಿಗೇ ಮೀಟರ್ ಕಡ್ಡಿ ಚುಚ್ಚಲು ಹೋಗಿ, ‘ಸ್ವಿಚ್ ಹಾಕಿ’ ಅಂತ ಕೂಗಿದೆ.

‘ಲೇ, ಕೈ ತಗಿಯೋ!’ ನಮ್ಮ ಮೇಸ್ತ್ರಿ ರಟ್ಟೆ ಹಿಡಿದು ಎಳೆದರು. ಆ ವೈರಿನಲ್ಲಿ ಲೈಟು ಹೊತ್ತುವ ಕ್ಷಣ 20,000 ವೋಲ್ಟಿಗೂ ಜಾಸ್ತಿ ಬರುತ್ತದೆ. ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಒಳಗೆ ಫಿಲಮೆಂಟ್, ಅಂದರೆ ಕಾದು ಉರಿಯುವ ಸಣ್ಣ ತಂತಿ ಇರುವ ಹ್ಯಾಲೋಜನ್ ಬಲ್ಬಿನ ಲೆಕ್ಕದಲ್ಲೇ ನಾನು ಇದನ್ನೂ ನೋಡಿದ್ದೆ. ಕ್ಸೆನಾನ್ ಬಲ್ಬಿನಲ್ಲಿ ಫಿಲಮೆಂಟೇ ಇಲ್ಲ. ಎರಡು ಟಂಗ್‌ಸ್ಟನ್ ತುದಿಗಳ ನಡುವೆ ಅನಿಲದಲ್ಲಿ ಕಿಡಿ ಹಾಯಬೇಕು. ಕ್ಸೆನಾನ್ ಮೊದಲು ಬೆಳಗುತ್ತದೆ, ಒಳಗಿನ ಲೋಹದ ಲವಣ ಕಾದು ಆವಿಯಾದ ಮೇಲೆ ಪೂರ್ತಿ ಬೆಳಕು. ಹಾಗಾಗಿ ಹೊಸ ಬಲ್ಬಿಗೂ ಬೀಪ್ ಬರುವುದಿಲ್ಲ. ಅದೂ ಇರಲಿ, ಒಂದು ಕ್ಷಣವಾದರೂ ಹೊತ್ತಿದ ಬಲ್ಬ್ ಪೂರ್ತಿ ಸತ್ತಿರುತ್ತದಾ? ಇಷ್ಟೂ ಯೋಚಿಸಲಿಲ್ಲ. ಬಲಗಡೆ ಬಲ್ಬ್ ಎಡಕ್ಕೆ ಹಾಕಿ ನೋಡಿದ್ದರೆ ಐದು ನಿಮಿಷದ ಕೆಲಸ.

ಮೇಸ್ತ್ರಿ ಬಾಡಿ ಅರ್ಥ್ ಬೋಲ್ಟ್, ಅಂದರೆ ಲೈಟಿನ ನೆಗೆಟಿವ್ ವೈರನ್ನು ಮೆಷಿನ್ ಬಾಡಿಗೆ ಕೂಡಿಸುವ ಬೋಲ್ಟ್ ಬಿಚ್ಚಿದರು. ತರಗು, ಮಣ್ಣು, ಕೆಳಗೆ ತುಕ್ಕು. ಶುರುವಿನಲ್ಲಿ ಬ್ಯಾಲಸ್ಟ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಈ ತುಕ್ಕಿನಲ್ಲಿ ವೋಲ್ಟೇಜ್ ಬಿದ್ದು ಬ್ಯಾಲಸ್ಟ್ ತಾನೇ ನಿಲ್ಲುತ್ತಿತ್ತು. ಕನೆಕ್ಟರ್ ಬಿಚ್ಚಿ, ಕರೆಂಟ್ ಹರಿಯದೆ ಇರುವಾಗ ನೋಡಿದ ನನ್ನ ಮೀಟರಿಗೆ ಅದು ಹೇಗೆ ಗೊತ್ತಾಗಬೇಕು? ಎಮರಿ ಪೇಪರ್ ಉಜ್ಜಿದರು, ಬಿಗಿದರು. ಹೊತ್ತಿತು, ಆರಲಿಲ್ಲ.

ಲೈಟು ಒಳ್ಳೆಯದೇ. 55 ವ್ಯಾಟ್ ಹ್ಯಾಲೋಜನ್ ಸುಮಾರು 1,500 ಲ್ಯೂಮೆನ್ (ಬೆಳಕಿನ ಅಳತೆ) ಕೊಟ್ಟರೆ, 35 ವ್ಯಾಟಿನ ಇದು ಸುಮಾರು 3,200 ಕೊಡುತ್ತದೆ. ಬಿಳಿ ಬೆಳಕಿನಲ್ಲಿ ಕಬ್ಬಿನ ಬುಡ ಚೆನ್ನಾಗಿ ಕಾಣುತ್ತದೆ. ಮೆಷಿನ್ ಎಷ್ಟು ಅದುರಿದರೂ ತುಂಡಾಗಲು ಫಿಲಮೆಂಟ್ ಇಲ್ಲ. ಆದರೆ ಇಂಥ ಲೈಟು ರಿಪೇರಿಗೆ ಕಳಿಸುವ ನಮ್ಮ ವರ್ಕ್‌ಶಾಪ್ ಒಂದು ದಿನವೂ ಕೂರಿಸಿ ಹೇಳಿಕೊಡಲಿಲ್ಲ. ಬೇಡದ ಬಲ್ಬಿನ ಬಿಲ್ ಮಾತ್ರ ಮೆಷಿನ್ನಿನವರಿಗೆ ಹೋಯಿತು. ಅದು ನನಗೆ ಈಗಲೂ ಚುಚ್ಚುತ್ತದೆ.