ಜಾಶ್ ಗಿಬ್ಸನ್ ಲೆಕ್ಕ ನೋಡಲು ಅಪ್ಪನ ಜೊತೆ

2024ರ ಮೇ ಕೊನೆಯಲ್ಲಿ ಬೇಸ್‌ಬಾಲ್ ದಾಖಲೆ ಪಟ್ಟಿಯ ಮೊದಲ ಹೆಸರು ಬದಲಾಯಿತು. ಹೆಚ್ಚುಕಡಿಮೆ ನೂರು ವರ್ಷ ಅಲ್ಲಿದ್ದದ್ದು ಟೈ ಕಾಬ್. ಅವರ ಒಟ್ಟು ಬ್ಯಾಟಿಂಗ್ ಸರಾಸರಿ .367. ಈಗ ಅವರ ಮೇಲೆ ಜಾಶ್ ಗಿಬ್ಸನ್ ಬಂದು ಕೂತರು, .372. ಗಿಬ್ಸನ್ ತೀರಿಕೊಂಡು ಅಷ್ಟು ಹೊತ್ತಿಗೆ 77 ವರ್ಷ ಆಗಿತ್ತು. ಅಮೆರಿಕದ ಅತಿ ಮೇಲ್ಮಟ್ಟದ ಮೇಜರ್ ಲೀಗ್ ತಂಡಗಳಲ್ಲಿ ಅವರು ಒಂದು ಪಂದ್ಯವನ್ನೂ ಆಡಿದವರಲ್ಲ. ಚರ್ಮ ಕಪ್ಪು ಅಂತ ಆಡಲು ಬಿಟ್ಟಿರಲಿಲ್ಲ. ಕಪ್ಪು ಆಟಗಾರರಿಗಾಗಿ ಇದ್ದ ನೀಗ್ರೋ ಲೀಗುಗಳಲ್ಲಿ ಆಡಿದರು. ಆ ಲೆಕ್ಕವನ್ನು ಈಗ ಮೇಜರ್ ಲೀಗ್ ದಾಖಲೆಗೆ ಸೇರಿಸಿದ್ದಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ .372 ಏನು ಅಂತ ಹೇಳಿಬಿಡುತ್ತೇನೆ. ಸಾವಿರ ಸಲ ಬ್ಯಾಟ್ ಹಿಡಿದು ನಿಂತರೆ 372 ಸಲ ಚೆಂಡು ಹೊಡೆದು ಬೇಸ್, ಅಂದರೆ ಓಡಿ ಮುಟ್ಟಬೇಕಾದ ಗುರುತು, ತಲುಪಿದ ಹಾಗೆ. ಕೇಳಲು ಕಮ್ಮಿ ಅನಿಸುತ್ತದೆ. ಆದರೆ ಇಲ್ಲಿ .300 ದಾಟಿದವನನ್ನು ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಒಂದೇ ಸೀಸನ್ನಿನಲ್ಲಿ .400 ದಾಟುವವರು ಈಗ ಯಾರೂ ಇಲ್ಲ. ಗಿಬ್ಸನ್ 1943ರಲ್ಲಿ ಹೊಡೆದದ್ದು .466. ಅದೂ ಈಗ ದಾಖಲೆ. ಅದಕ್ಕೂ ಮುಂಚೆ ಇದ್ದದ್ದು 1894ರ ಹ್ಯೂ ಡಫಿ ಅವರ .440.

ಆ ಬೇಸಿಗೆಯಲ್ಲಿ ಅಪ್ಪ ಶಿವಮೊಗ್ಗದಿಂದ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಕ್ಯಾನ್ಸಸ್ ಸಿಟಿ ಹತ್ತಿರ. ಅಪ್ಪ ಬ್ಯಾಂಕ್ ಕೆಲಸದಲ್ಲಿದ್ದವರು. ಆದರೆ ಊರಿನಲ್ಲಿ ಕ್ರಿಕೆಟ್ ಆಡುವವರಿಗೆಲ್ಲ ಅವರು ಸ್ಕೋರರ್ ಅಂತಲೇ ಗೊತ್ತು. ಲೀಗ್ ಪಂದ್ಯ ಇದ್ದ ಭಾನುವಾರ ಬೆಳಗ್ಗೆ ತಿಂಡಿ ತಿಂದು ಮೂರು ಬಣ್ಣದ ಪೆನ್ನು, ಉದ್ದ ಪುಸ್ತಕ ಹಿಡಿದು ಹೊರಟರೆ ಸಂಜೆ ತನಕ ಶಾಮಿಯಾನದ ಕೆಳಗೆ. ಒಬ್ಬೊಬ್ಬ ಬೌಲರ್‌ಗೆ ಒಂದೊಂದು ಬಣ್ಣ. ಗಿಬ್ಸನ್ ಸುದ್ದಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಸರಿ, ಆಗ ಸ್ಕೋರ್ ಬರೆದವರು ಯಾರು?"

ಅದಕ್ಕೇ ಒಂದು ಶನಿವಾರ ಅವರನ್ನು ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಸೇರುವ ಜಾಗಕ್ಕೆ ಕರೆದುಕೊಂಡು ಹೋದೆ. ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಇರುವುದು ಅಲ್ಲಿ. ಅದೇ ಕಟ್ಟಡದಲ್ಲಿ ಜಾಜ್ ಸಂಗೀತದ ಮ್ಯೂಸಿಯಂ ಕೂಡ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಒಂದು ಹಳೆಯ ವೈಎಂಸಿಎ ಕಟ್ಟಡ. 1920ರ ಫೆಬ್ರುವರಿಯಲ್ಲಿ ರೂಬ್ ಫಾಸ್ಟರ್ ಎಂಬ ಮಾಜಿ ಪಿಚರ್ (ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವರು) ತಂಡಗಳ ಮಾಲೀಕರನ್ನು ಅಲ್ಲಿ ಸೇರಿಸಿ ನೀಗ್ರೋ ನ್ಯಾಷನಲ್ ಲೀಗ್ ಶುರುಮಾಡಿದ್ದು. ಬಿಳಿಯರ ಲೀಗ್ ಸೇರಿಸಿಕೊಳ್ಳಲಿಲ್ಲ, ನಮ್ಮದೇ ಕಟ್ಟಿಕೊಳ್ಳೋಣ ಅಂತ.

ಒಳಗೆ ಹೋದ ತಕ್ಷಣ ಎದುರಿಗೆ ಕೋಳಿ ಬಲೆಯಂಥ ತಂತಿ. ಅದರ ಆಚೆ ಹಸಿರು ಮೈದಾನ. ಮೈದಾನದ ತುಂಬ ಆಳೆತ್ತರದ ಕಂಚಿನ ಆಟಗಾರರು, ಆಟದ ನಡುವೆ ನಿಂತ ಹಾಗೆ. ಪಿಚರ್ ಜಾಗದಲ್ಲಿ ಸ್ಯಾಚೆಲ್ ಪೇಜ್, ಬ್ಯಾಟ್ ಹಿಡಿದವರು ಕ್ಯೂಬಾದ ಮಾರ್ಟಿನ್ ಡಿಹಿಗೊ, ಅವರ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಹಾಗೆ, ಜಾಶ್ ಗಿಬ್ಸನ್. ನೋಡಬಹುದು, ಹೋಗುವ ಹಾಗಿಲ್ಲ. ಮ್ಯೂಸಿಯಂ ಪೂರ್ತಿ ಸುತ್ತಿ ಬಂದ ಮೇಲೆ ಕೊನೆಗೆ ಮೈದಾನದ ಬಾಗಿಲು. ಆಗಿನ ಕಾಲದಲ್ಲಿ ಕಪ್ಪು ಪ್ರೇಕ್ಷಕರನ್ನು ಎಷ್ಟೋ ಕಡೆ ಇಂಥ ತಂತಿಯ ಹಿಂದೆ ಕೂರಿಸುತ್ತಿದ್ದರು. ಆ ಕಾಲದ ಆಟಗಾರ ಬಕ್ ಓನೀಲ್ ಅವರ ವಿಗ್ರಹವೂ ನಮ್ಮ ಹಾಗೇ ತಂತಿಯ ಮೂಲಕ ನೋಡುತ್ತಾ ನಿಂತಿದೆ. ಅಪ್ಪ ಅದರ ಪಕ್ಕದಲ್ಲಿ ತುಂಬ ಹೊತ್ತು ನಿಂತರು.

ಇಲ್ಲಿನ ಎಷ್ಟೋ ಸಂಗತಿ ನನಗೂ ಹೊಸದು. ರಾತ್ರಿ ದೀಪದ ಬೆಳಕಿನಲ್ಲಿ ಪಂದ್ಯ ಅಂದರೆ ಮೇಜರ್ ಲೀಗ್ 1935ರಲ್ಲಿ ಸಿನ್ಸಿನಾಟಿಯಲ್ಲಿ ಶುರುಮಾಡಿತು. ಇಲ್ಲಿನ ಮೊನಾರ್ಕ್ಸ್ ತಂಡ 1930ರಲ್ಲೇ ಲಾರಿಯಲ್ಲಿ ದೀಪದ ಕಂಬ, ಜನರೇಟರ್ ಹೇರಿಕೊಂಡು ಊರೂರು ತಿರುಗಿ ರಾತ್ರಿ ಆಟ ಆಡುತ್ತಿತ್ತು. ಹಗಲು ದುಡಿಯುವವರು ಸಂಜೆ ಬಂದು ನೋಡಲಿ ಅಂತ. ಟೋನಿ ಸ್ಟೋನ್ ಅಂತ ಒಬ್ಬ ಹೆಣ್ಣುಮಗಳು 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರ ಜೊತೆ ಸೆಕೆಂಡ್ ಬೇಸ್ ಆಡಿದರು. ಮರುವರ್ಷ ಮೊನಾರ್ಕ್ಸ್‌ಗೆ ಬಂದರು. ಅವರ ಫೋಟೋ ಮುಂದೆ ನನ್ನ ಮಗಳನ್ನು ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡೆ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪತ್ರಿಕೆ ತುಣುಕುಗಳಲ್ಲಿ. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್ ಇವೆಲ್ಲ ಕಪ್ಪು ಜನ ತಮಗಾಗಿ ನಡೆಸಿಕೊಂಡು ಬಂದ ವಾರಪತ್ರಿಕೆಗಳು. ಪಂದ್ಯದ ಬಾಕ್ಸ್ ಸ್ಕೋರ್ ಬರುತ್ತಿದ್ದದ್ದು ಅವುಗಳಲ್ಲಿ. ಬಾಕ್ಸ್ ಸ್ಕೋರ್ ಅಂದರೆ ನಮ್ಮ ಸ್ಕೋರ್ ಕಾರ್ಡೇ. ಯಾರು ಎಷ್ಟು ಸಲ ಬ್ಯಾಟ್ ಹಿಡಿದರು, ಎಷ್ಟು ಹಿಟ್, ಎಷ್ಟು ರನ್. ಸಂಶೋಧಕರು ವರ್ಷಗಟ್ಟಲೆ ಮೈಕ್ರೋಫಿಲಂ ಮುಂದೆ ಕೂತು ಇಂಥ ಸಾವಿರಾರು ತುಣುಕು ಹೆಕ್ಕಿದರು. 1920ರಿಂದ 1948ರವರೆಗೆ ಏಳು ಲೀಗ್, 2,300ಕ್ಕೂ ಹೆಚ್ಚು ಆಟಗಾರರು. ಅಷ್ಟೆಲ್ಲ ಹುಡುಕಿದರೂ ಸುಮಾರು ಮುಕ್ಕಾಲು ಭಾಗ ಮಾತ್ರ ಸಿಕ್ಕಿದೆ ಅನ್ನುತ್ತಾರೆ.

"ಸಿಕ್ಕಿದ ಲೆಕ್ಕ ಸರಿ ಅಂತ ಹೆಂಗೆ ಗೊತ್ತಾಗುತ್ತೆ?" ಅಪ್ಪ ಬಿಡಲಿಲ್ಲ.

ಕ್ರಿಕೆಟ್ ಪುಸ್ತಕದಲ್ಲಿ ಅವರಿಗೆ ಒಂದು ನೇಮ ಇತ್ತು. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಕ್ಸ್‌ಟ್ರಾ ಕೂಡಿಸಿದ ಮೊತ್ತವೂ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿದ ಮೊತ್ತವೂ ಒಂದೇ ಆಗಬೇಕು. ತಾಳೆ ಆಗುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲ. ಬೇಸ್‌ಬಾಲಿನಲ್ಲೂ ಇಂಥದ್ದೇ ತಾಳೆ ಇದೆ. ಬ್ಯಾಟ್ ಮಾಡಲು ಬಂದವನಿಗೆ ಮೂರೇ ದಾರಿ. ಸುತ್ತು ಮುಗಿಸಿ ರನ್ ಆಗುತ್ತಾನೆ, ಇಲ್ಲ ಔಟ್ ಆಗುತ್ತಾನೆ, ಇಲ್ಲ ಇನಿಂಗ್ಸ್ ಮುಗಿದಾಗ ಬೇಸ್ ಮೇಲೇ ಉಳಿಯುತ್ತಾನೆ. ಈ ಮೂರನ್ನೂ ಕೂಡಿಸಿದರೆ ಬ್ಯಾಟ್ ಮಾಡಲು ಬಂದ ಒಟ್ಟು ಸರದಿ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿತು. ಗೋಡೆಯ ಮೇಲಿನ ಒಂದು ಹಳೆಯ ಬಾಕ್ಸ್ ಸ್ಕೋರ್ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತು, ಬೆರಳಲ್ಲಿ ಒಂದೊಂದೇ ಸಾಲು ಇಳಿಯುತ್ತಾ ಕೂಡಲು ಶುರುಮಾಡಿದರು. ಹಿಂದೆ ಬಂದವರೆಲ್ಲ ಸುತ್ತಿ ಹೋದರು.

ಗಿಬ್ಸನ್ ಹೆಸರು ಮೇಲೆ ಬಂದಾಗ ಇಲ್ಲಿ ಅಸಮಾಧಾನ ಪಟ್ಟವರೂ ಇದ್ದಾರೆ. ಸೀಸನ್ ಚಿಕ್ಕದು, ಪಂದ್ಯ ಕಮ್ಮಿ, ಹೋಲಿಸುವುದು ಸರಿಯಲ್ಲ ಅಂತ. ನನಗೆ ಆ ವಾದ ಒಪ್ಪಿಗೆ ಆಗುವುದಿಲ್ಲ. 2020ರಲ್ಲಿ ಕೋವಿಡ್ ಅಂತ ಮೇಜರ್ ಲೀಗ್ ತಂಡಗಳು ತಲಾ 60 ಪಂದ್ಯದ ಸೀಸನ್ ಆಡಿದವು. ಅದು ದಾಖಲೆ ಪುಸ್ತಕದಲ್ಲಿ ಇದೆ. ಯಾವ ಲೀಗನ್ನು ಮೇಜರ್ ಅನ್ನಬೇಕು ಅಂತ 1969ರಲ್ಲಿ ಒಂದು ಸಮಿತಿ ಪಟ್ಟಿ ಮಾಡಿತ್ತು. ಒಂದೇ ಸೀಸನ್ ನಡೆದು ಮುಚ್ಚಿಹೋದ ಲೀಗುಗಳೂ ಅದರಲ್ಲಿ ಸೇರಿದವು. ನೀಗ್ರೋ ಲೀಗುಗಳ ವಿಷಯ ಚರ್ಚೆಗೇ ಬರಲಿಲ್ಲ. ಅದನ್ನು ತಿದ್ದಿದ್ದು 2020ರ ಡಿಸೆಂಬರಿನಲ್ಲಿ. ಇನ್ನೊಂದು ಮಾತು. ಮೇಜರ್ ಲೀಗಿನ ದೊಡ್ಡ ಹೆಸರು ಬೇಬ್ ರೂತ್ ಅವರ 714 ಹೋಮ್ ರನ್‌ಗಳಲ್ಲಿ (ನಮ್ಮ ಸಿಕ್ಸರ್ ಹಾಗೆ) ಒಂದನ್ನೂ ಕಪ್ಪು ಪಿಚರ್ ಎದುರು ಹೊಡೆದದ್ದಲ್ಲ. ಆ ಸಂಖ್ಯೆಯ ಪಕ್ಕ ಯಾರೂ ಚುಕ್ಕೆ ಇಟ್ಟು ಅಡಿಟಿಪ್ಪಣಿ ಹಾಕಲಿಲ್ಲ, ಅಲ್ವಾ?

ನಿಜ ಹೇಳಬೇಕೆಂದರೆ ಈ ಲೆಕ್ಕದಲ್ಲಿ ಗಿಬ್ಸನ್‌ಗೆ ನಷ್ಟವೇ ಜಾಸ್ತಿ. ಕೂಪರ್ಸ್‌ಟೌನ್‌ನಲ್ಲಿ ದೊಡ್ಡ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿರುವ ಅವರ ಫಲಕದಲ್ಲಿ ಸುಮಾರು 800 ಹೋಮ್ ರನ್ ಅಂತ ಇದೆ. ಅಧಿಕೃತ ಲೆಕ್ಕದಲ್ಲಿ 200 ಕೂಡ ಇಲ್ಲ. ಯಾಕೆಂದರೆ ಲೀಗ್ ಪಂದ್ಯ ಮುಗಿದ ಮೇಲೆ ಹೊಟ್ಟೆಪಾಡಿಗೆ ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಸಿಕ್ಕ ತಂಡದ ಜೊತೆ ಆಡುತ್ತಿದ್ದರು. ಅವು ಯಾವುವೂ ಲೆಕ್ಕಕ್ಕೆ ಇಲ್ಲ. ಗಿಬ್ಸನ್ 1947ರ ಜನವರಿ 20ರಂದು ತೀರಿಕೊಂಡರು. ವಯಸ್ಸು 35. ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು ಬಣ್ಣದ ಬೇಲಿ ಮುರಿದದ್ದು ಅದೇ ವರ್ಷ ಏಪ್ರಿಲ್ 15ಕ್ಕೆ. ಮೂರು ತಿಂಗಳೂ ತುಂಬಿರಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಗಿಬ್ಸನ್ ಸಮಾಧಿಗೆ 1975ರ ತನಕ ಒಂದು ಹೆಸರಿನ ಕಲ್ಲೂ ಇರಲಿಲ್ಲ.

ಹ್ಯಾಂಕ್ ಆರನ್ ವಿಷಯ ಬಂದಾಗ ನಾನು ಎಲ್ಲೋ ಓದಿದ್ದನ್ನು ಅಪ್ಪನಿಗೆ ಹೇಳಿದೆ. ರೂತ್ ಅವರ 714 ದಾಟಿ 755ಕ್ಕೆ ನಿಂತವರು ಆರನ್. 1952ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಕ್ಲೌನ್ಸ್ ತಂಡದಲ್ಲಿದ್ದರು. ವಾಷಿಂಗ್ಟನ್‌ನಲ್ಲಿ ಒಂದು ದಿನ ತಂಡ ಹೋಟೆಲಿನಲ್ಲಿ ತಿಂಡಿ ತಿಂದಿತು. ತಿಂದು ಮುಗಿಸಿದ ಮೇಲೆ ಅಡುಗೆಮನೆಯಿಂದ ತಟ್ಟೆ ಒಡೆಯುವ ಸದ್ದು. ಕಪ್ಪು ಹುಡುಗರು ಉಂಡ ತಟ್ಟೆ ಅಂತ ಒಡೆದು ಹಾಕುತ್ತಿದ್ದರು. ನಾಯಿ ತಿಂದಿದ್ದರೆ ತೊಳೆದಿಡುತ್ತಿದ್ದರು ಅಂತ ಆರನ್ ಮುಂದೆ ನೆನೆದುಕೊಂಡಿದ್ದಾರೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಬಾಲೂಗೆ ಮಣ್ಣಿನ ಲೋಟ ಕೊಡ್ತಿದ್ರಲ್ಲ, ಹಂಗೇ ಇದು." ಪಾಲ್ವಣಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ದಲಿತ ಕುಟುಂಬದವರು, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಮೈದಾನದೊಳಗೆ ಎಲ್ಲರಿಗೂ ಅವರ ಬೌಲಿಂಗ್ ಬೇಕು. ಟೀ ಹೊತ್ತಿಗೆ ಮಾತ್ರ ಅವರೊಬ್ಬರಿಗೆ ಪೆವಿಲಿಯನ್ ಹೊರಗೆ, ಬಳಸಿ ಎಸೆಯುವ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ 114 ವಿಕೆಟ್ ತೆಗೆದರು. ಆದರೂ, ಧರ್ಮಕ್ಕೊಂದು ತಂಡ ಇದ್ದ ಆ ಕಾಲದಲ್ಲಿ, ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. ಭಾರತ ಮೊದಲ ಟೆಸ್ಟ್ ಆಡುವ ಹೊತ್ತಿಗೆ 1932. ಅವರ ಹೆಸರಿನ ಮುಂದೆ ಟೆಸ್ಟ್ ವಿಕೆಟ್ ಒಂದೂ ಇಲ್ಲ. "ಆ 114 ಆದ್ರೂ ಉಳೀತು," ಅಂದರು ಅಪ್ಪ. "ಇಂಗ್ಲೆಂಡ್‌ನೋರು ಸರಿಯಾಗಿ ಬರೆದಿಟ್ಟಿದ್ರು ಕಣೇ."

ಸ್ಯಾಚೆಲ್ ಪೇಜ್ ಹತ್ತಿರ ಬಂದಾಗ ಮನಸ್ಸು ಹಗುರಾಯಿತು. ಇಷ್ಟು ತಡವಾಗಿ ಬಂದು ಇಷ್ಟು ಚೆನ್ನಾಗಿ ಆಡಿದವರು ಯಾವ ಆಟದಲ್ಲೂ ಕಮ್ಮಿ. ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಸೇರಿಸಿಕೊಂಡಾಗ 1948, ಅವರಿಗೆ 42 ತುಂಬಿತ್ತು. ಪಿಚರ್ ಆಗಿ ಅವರ ಹೆಸರಿಗೆ ಆರು ಗೆಲುವು, ಒಂದು ಸೋಲು. ಆ ವರ್ಷ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಗೆದ್ದಿತು. ಅದಾದ ಮೇಲೆ ಆ ತಂಡ ಮತ್ತೆ ಗೆದ್ದಿಲ್ಲ. ನನಗೆ ಇನ್ನೂ ಇಷ್ಟವಾದದ್ದು 1965ರ ಸೆಪ್ಟೆಂಬರ್ 25. ಆಗ ಇದೇ ಊರಿನಲ್ಲಿದ್ದ ಅಥ್ಲೆಟಿಕ್ಸ್ ತಂಡ ಪೇಜ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್ ಎದುರು ಇಳಿಸಿತು. ವಯಸ್ಸು 59. ಜನ ಸೇರಲಿ ಅಂತ ಮಾಲೀಕ ಅವರಿಗೆ ತೂಗು ಕುರ್ಚಿ ಹಾಕಿಸಿ, ಪಕ್ಕದಲ್ಲಿ ನರ್ಸ್ ವೇಷದವಳನ್ನು ಕೂರಿಸಿದ್ದ. ಅಜ್ಜ ಎದ್ದು ಹೋಗಿ ಮೂರು ಇನಿಂಗ್ಸ್ ಎಸೆದರು. ಒಂದೂ ರನ್ ಕೊಡಲಿಲ್ಲ. ಸಿಕ್ಕಿದ್ದು ಒಂದೇ ಹಿಟ್, ಕಾರ್ಲ್ ಯಸ್ಟ್ರೆಮ್ಸ್ಕಿಗೆ. ಮೇಜರ್ ಲೀಗ್ ಪಂದ್ಯ ಆಡಿದ ಅತಿ ಹಿರಿಯ ಆಟಗಾರ ಇವತ್ತಿಗೂ ಅವರೇ. "ನಂಗಿಂತ ಹತ್ತು ವರ್ಷ ಚಿಕ್ಕೋರು ಅಷ್ಟೇ," ಅಂತ ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡರು.

ಕೊನೆಗೆ ಮೈದಾನದ ಬಾಗಿಲು ಬಂತು. ಅಪ್ಪ ನೇರ ಗಿಬ್ಸನ್ ಹಿಂದೆ ಹೋಗಿ ಸ್ವಲ್ಪ ಬಗ್ಗಿ, ಕ್ಯಾಚರ್‌ಗೆ ಪಿಚರ್ ಹೇಗೆ ಕಾಣುತ್ತಾನೆ ಅಂತ ನೋಡಿದರು. ಗಿಬ್ಸನ್ ತೊಡೆಗಳು ಎಷ್ಟು ದಪ್ಪ ಅಂದರೆ ಎರಡು ಕೈ ಸೇರಿಸಿದರೂ ಸುತ್ತಲು ಬರುವುದಿಲ್ಲ. ಆ ತೊಡೆಯಲ್ಲಿ ಕೂತೆದ್ದು ಕೀಪಿಂಗ್ ಮಾಡಿ, ಆಮೇಲೆ .466 ಹೊಡೆದದ್ದು. ಮೊಮ್ಮಗಳಿಗೆ ಇದನ್ನೇ ಹೇಳಿ ಅವಳನ್ನೂ ಕುಕ್ಕರಗಾಲಲ್ಲಿ ಕೂರಿಸಿದರು.

ಅವತ್ತೇ ರಾತ್ರಿ ರಾಯಲ್ಸ್ ತಂಡದ ಪಂದ್ಯಕ್ಕೂ ಟಿಕೆಟ್ ತೆಗೆದಿಟ್ಟಿದ್ದೆ. ಕಾಫ್‌ಮನ್ ಸ್ಟೇಡಿಯಂನಲ್ಲಿ ಸಾಲು ಸಾಲು ನೀಲಿ ಕುರ್ಚಿಗಳ ನಡುವೆ, ಹೋಮ್ ಪ್ಲೇಟ್ ಹಿಂದೆ, ಒಂದೇ ಒಂದು ಕೆಂಪು ಕುರ್ಚಿ ಇದೆ. ಅದು ಬಕ್ ಓನೀಲ್ ಹೆಸರಿನದು. ಊರಿಗೆ ಉಪಕಾರ ಮಾಡಿದ ಯಾರನ್ನಾದರೂ ಆಯ್ದು ಪ್ರತಿ ಪಂದ್ಯದಲ್ಲೂ ಅಲ್ಲಿ ಕೂರಿಸುತ್ತಾರೆ. ಓನೀಲ್ ಮೊನಾರ್ಕ್ಸ್ ತಂಡದ ಆಟಗಾರ, ಮ್ಯಾನೇಜರ್. 1962ರಲ್ಲಿ ಷಿಕಾಗೊ ಕಬ್ಸ್ ಸೇರಿ ಮೇಜರ್ ಲೀಗಿನ ಮೊದಲ ಕಪ್ಪು ಕೋಚ್ ಆದವರು. ಈ ಮ್ಯೂಸಿಯಂ ಕಟ್ಟಿ ಬೆಳೆಸಲು ದುಡಿದವರು. 2006ರಲ್ಲಿ ಹಾಲ್ ಆಫ್ ಫೇಮ್‌ಗೆ ನೀಗ್ರೋ ಲೀಗುಗಳ ಕಾಲದ 17 ಜನರನ್ನು ಆರಿಸಿದಾಗ ಅವರನ್ನು ಬಿಟ್ಟರು. ಅವರು ಮುನಿಸಿಕೊಳ್ಳಲಿಲ್ಲ. ಕೂಪರ್ಸ್‌ಟೌನ್‌ಗೆ ಹೋಗಿ, ತೀರಿಕೊಂಡಿದ್ದ ಆ 17 ಜನರ ಪರವಾಗಿ ಭಾಷಣ ಮಾಡಿ, ಸೇರಿದ್ದವರ ಕೈಲಿ ಹಾಡಿಸಿ ಬಂದರು. ಅಕ್ಟೋಬರಿನಲ್ಲಿ ತೀರಿಕೊಂಡರು. ಅವರಿಗೆ ಜಾಗ ಸಿಕ್ಕಿದ್ದು 2022ರಲ್ಲಿ. ಈ ತಡ ನನಗೆ ಇನ್ನೂ ಸಂಕಟ ಕೊಡುತ್ತದೆ.

ಪಂದ್ಯಕ್ಕೆ ಅಪ್ಪ ಸ್ಕೋರ್ ಹಾಳೆ ಹಿಡಿದೇ ಕೂತರು. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತು ನಂಬರು, ಪಿಚರ್ ಒಂದು, ಕ್ಯಾಚರ್ ಎರಡು, ಎರಡನೇ ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆರು. ಸ್ಟ್ರೈಕ್‌ಔಟ್‌ಗೆ 'ಕೆ'. ಎರಡು ಇನಿಂಗ್ಸ್‌ನಲ್ಲಿ ಕಲಿತುಬಿಟ್ಟರು. ಅವರಿಗೆ ವಿಚಿತ್ರ ಅನಿಸಿದ್ದು ಒಂದೇ. ಫೀಲ್ಡರ್ ಚೆಂಡು ಬಿಟ್ಟಾಗ ಅದು ಬ್ಯಾಟರ್‌ನ ಹಿಟ್ಟೋ ಫೀಲ್ಡರ್‌ನ ಎರರ್ರೋ ಅಂತ ತೀರ್ಮಾನಿಸುವವರು ಅಂಪೈರ್ ಅಲ್ಲ, ಅಧಿಕೃತ ಸ್ಕೋರರ್. "ಅಂದ್ರೆ ಇಲ್ಲಿ ಸರಾಸರಿ ಸ್ಕೋರರ್ ಕೈಲಿದೆ!" ಅಂತ ಎರಡು ಸಲ ಹೇಳಿಕೊಂಡರು.

ಐದನೇ ಇನಿಂಗ್ಸ್‌ನಲ್ಲಿ ಒಂದು ಚೆಂಡು ನೆಲಕ್ಕೆ ಬಿದ್ದು ನೇರ ಶಾರ್ಟ್‌ಸ್ಟಾಪ್ ಕಡೆ ಹೋಯಿತು. ಗ್ಲೌಸಿಗೆ ತಗುಲಿ ಪಕ್ಕಕ್ಕೆ ಸಿಡಿಯಿತು. ಬೋರ್ಡ್ ಮೇಲೆ ಹಿಟ್ ಅಂತ ಬಂತು. ಅಪ್ಪ ಒಪ್ಪಲೇ ಇಲ್ಲ. "ಕೈಗೆ ಬಂದ ಚೆಂಡು ಅದು, ಹಿಟ್ ಹೆಂಗಾಗುತ್ತೆ?" ಅಂದರು. ಪಕ್ಕದ ಸೀಟಿನ ಹಿರಿಯರಿಗೆ ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಅರ್ಥವಾಯಿತು. ತಮ್ಮ ಹಾಳೆ ತಿರುಗಿಸಿ ತೋರಿಸಿದರು. ಅಲ್ಲೂ 'ಇ-6' ಅಂತಲೇ ಇತ್ತು, ಶಾರ್ಟ್‌ಸ್ಟಾಪ್ ಎರರ್. ಅಪ್ಪ ಅವರ ಕೈ ಕುಲುಕಿ, ಕೆಂಪು ಪೆನ್ನು ತೆಗೆದು ತಾವೂ ಅದನ್ನೇ ಬರೆದರು.