ಬದುವಿನ ಮುತ್ತಲ ಮಾಳಿಗೆ ಮೇಲೆ

ಬೋನ್ಸಾಯ್ ಬೆಳೆಸುವವರ ಮನೆಗೆ ಹೋದರೆ ಆಲ, ಅರಳಿ, ಜೇಡ್, ಅಡೇನಿಯಂ, ಕಾಗದದ ಹೂವು ಇವೇ ಕಾಣುತ್ತವೆ. ನಾನು ಮುತ್ತಲ, ಅಂದರೆ ಮುತ್ತುಗದ ಗಿಡವನ್ನು ಕುಂಡಕ್ಕೆ ತರುತ್ತೇನೆ ಎಂದಾಗ ಈ ಹವ್ಯಾಸದಲ್ಲಿ ಪಳಗಿದವರೆಲ್ಲ ಬೇಡ ಅಂದರು. ಅವರು ಕೊಟ್ಟ ಕಾರಣವೂ ಸುಳ್ಳಲ್ಲ. ಒಂದು ತೊಟ್ಟಿಗೆ ಮೂರು ಎಲೆ, ಒಂದೊಂದೂ ಅಂಗೈಗಿಂತ ಅಗಲ. ತಾಯಿಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ. ಊಟದ ಪತ್ರೋಳಿ ಹಚ್ಚುವಂಥ ಎಲೆ ಎರಡಡಿ ಗಿಡದ ಮೇಲೆ ನಿಂತರೆ ಅದು ಮರವಾಗಿ ಕಾಣುವುದಾದರೂ ಹೇಗೆ?

ಆದರೆ ಮುತ್ತಲವನ್ನು ಎಲೆಗಾಗಿ ನೋಡುವವರು ಯಾರು? ನಮ್ಮ ಚಿಂಚೋಳಿ ಕಡೆ ಶಿವರಾತ್ರಿ ಹೊತ್ತಿಗೆ ಅದು ಎಲೆ ಉದುರಿಸಿ ಬೋಳಾಗುತ್ತದೆ. ಅಲ್ಲಿಂದ ಹೋಳಿ ಹುಣ್ಣಿಮೆವರೆಗೆ ಕರಿ ಕೊಂಬೆ, ಕೆಂಡದ ಬಣ್ಣದ ಹೂವು, ಅಷ್ಟೇ. ಆ ಕೆಲವು ವಾರಗಳಿಗಾಗಿಯೇ ಮರವನ್ನು ರೂಪಿಸಬೇಕು, ಉಳಿದ ಕಾಲ ಎಲೆ ಎಷ್ಟು ಅಗಲವಾದರೂ ಆಗಲಿ, ಗಿಡ ಉಂಡು ಬಲಿಯಲಿ ಎಂಬುದು ನನ್ನ ಲೆಕ್ಕವಾಗಿತ್ತು.

ಬೀಜದಿಂದ ಎಬ್ಬಿಸುವುದು ಕಷ್ಟವಲ್ಲ. ಕಾಯಿಯ ತುದಿಯಲ್ಲಿ ಒಂದೇ ಒಂದು ಚಪ್ಪಟೆ ಬೀಜ ಇರುತ್ತದೆ, ಹೊಸದಾಗಿದ್ದಾಗ ಊರಿದರೆ ಮೊಳೆಯುತ್ತದೆ. ಹೂವಿಗೆ ಮಾತ್ರ ವರ್ಷಗಟ್ಟಲೆ ಕಾಯಬೇಕು, ಕಾಂಡ ದಪ್ಪವಾಗಲು ಅದಕ್ಕಿಂತ ಹೆಚ್ಚು. ಆದ್ದರಿಂದ ನನಗೆ ಬೇಕಾಗಿದ್ದುದು ಹೊಲದ ಬದುವಿನಲ್ಲಿ ಮತ್ತೆ ಮತ್ತೆ ಕಡಿಸಿಕೊಂಡು ಮತ್ತೆ ಮತ್ತೆ ಚಿಗಿತ ಹಳೆಯ ಬೊಡ್ಡೆ. ಕಾಡಿನದನ್ನು ಮುಟ್ಟುವ ಮಾತೇ ಇಲ್ಲ. ನಮ್ಮೂರಿನ ಕಾಕಾಗೆ ಹೇಳಿಟ್ಟಿದ್ದೆ.

ರೋಣಿ ಮಳೆ ಹೊಲ ತೋಯಿಸಿದ ಮೇಲೆ ಒಂದು ಸಂಜೆ ಅವರ ಫೋನ್ ಬಂತು. "ಬದು ಕಿತ್ತು ಎರಡೂ ಹೊಲ ಒಂದೇ ಮಾಡಸ್ಲತ್ತೀನವ್ವಾ. ನಾಳಿ ಮಧ್ಯಾನ ಜೆಸಿಬಿ ಬರ್ತದ. ಮುತ್ತಲ ಬೊಡ್ಡಿ ಬೇಕಂದಿದ್ದಿ ಅಲ, ಅದ್ರಕಿಂತ ಮೊದ್ಲೇ ಬಾ."

ಕಲಬುರಗಿಯಿಂದ ಮೊದಲ ಬಸ್ಸಿಗೆ ತಮ್ಮನನ್ನೂ ಎಬ್ಬಿಸಿಕೊಂಡು ಹೊರಟೆ. ಗರಗಸ, ಕತ್ತರಿ, ಗೋಣಿಚೀಲ, ಸುತಳಿ ಜೊತೆಗಿದ್ದವು. ಹಾರಿ, ಸಲಿಕೆ ಕಾಕಾ ಮನೆಯವು. ತೊಯ್ದ ಯರಿ ಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಎತ್ತಲು ಬಿಡುತ್ತಿರಲಿಲ್ಲ, ಬರಿಗಾಲಲ್ಲೇ ನಡೆದೆವು.

ಬೊಡ್ಡೆ ಮೊಣಕಾಲೆತ್ತರ, ತೊಡೆ ಗಾತ್ರ. ವರ್ಷ ವರ್ಷ ಒಲೆಗೆಂದು ಕಡಿದ ಗಾಯಗಳು ಒಂದರ ಮೇಲೊಂದು ಮಾಯ್ದು, ತೊಗಟೆ ಸುತ್ತಿಕೊಂಡು ಗಂಟುಗಂಟಾಗಿತ್ತು. ಒಂದು ಕಡೆ ಮರ ಟೊಳ್ಳಾಗಿ ಬೆರಳು ಹಿಡಿಸುವಷ್ಟು ಸಂದಿ. ಇಂಥ ಮುಪ್ಪನ್ನು ಕುಂಡದಲ್ಲಿ ತರಿಸಲು ಬೋನ್ಸಾಯಿಯವರು ಎಷ್ಟು ಉಳಿ, ಎಷ್ಟು ತಂತಿ ಬಳಸುತ್ತಾರೆ! ಇಲ್ಲಿ ಅದು ಕೊಡಲಿಯ ಏಟಿಗೇ ಬಂದಿತ್ತು.

ಮೊದಲು ಚಿಗುರನ್ನೆಲ್ಲ ಕತ್ತರಿಸಿದೆ. ಬೇರು ಕಡಿದ ಮೇಲೆ ಅಷ್ಟು ಎಲೆಗೆ ನೀರು ಒದಗಿಸಲು ಅದರಿಂದ ಆಗುವುದಿಲ್ಲ. ಆಮೇಲೆ ಒಂದು ಮೊಳ ದೂರದಿಂದ ಸುತ್ತಲೂ ಅಗೆಯುತ್ತ ಬಂದೆವು. ಬದುವಿನಲ್ಲಿ ಗರಸು, ಕಲ್ಲು ಬೆರೆತಿದ್ದರಿಂದ ಮಣ್ಣು ಸಡಿಲವಿತ್ತು. ಪಕ್ಕಕ್ಕೆ ಹಬ್ಬಿದ ಬೇರುಗಳು ಸಿಗುತ್ತಿದ್ದಂತೆ ಹಾರಿ ಬಿಟ್ಟು ಕೈಯಿಂದಲೇ ಬಿಡಿಸಿದೆ. ಗಿಡ ಬದುಕುವುದು ಅವುಗಳಿಂದಲೇ. ಕಾಕಾ ಬದುವಿನ ಮೇಲೆ ಕೂತು, "ನಿಮ್ಮಜ್ಜ ಇದರ ಬೇರು ಬಡದು ನಾರು ತೆಗೆದು ಹಗ್ಗ ಹೊಸೀತಿದ್ದ" ಅಂದರು. ಬುತ್ತಿ ತಂದ ಕಾಕಿ, "ನನ್ ಲಗ್ನದಾಗ ಊಟ ಇದರ ಪತ್ರೋಳಿ ಮ್ಯಾಲೇ ಆಗಿತ್ತು" ಎಂದು ಸೇರಿಸಿದರು.

ತಾಯಿಬೇರಿಗೆ ಗರಗಸ ಹಚ್ಚಿದಾಗ ತೊಗಟೆಯ ಅಂಚಿನಲ್ಲಿ ಕೆಂಪು ರಸ ಹನಿಹನಿಯಾಗಿ ಮೂಡಿತು. ಗರಗಸದ ಹಲ್ಲಿಗೆ, ನನ್ನ ಹೆಬ್ಬೆರಳಿಗೆ ಅಂಟಿದ್ದು ಊರಿಂದ ಮರಳುವಷ್ಟರಲ್ಲಿ ಒಣಗಿ ಮಾಣಿಕ್ಯದ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿ. ಹಿಂದೆ ಬೆಂಗಾಲ್ ಕೀನೋ ಎಂಬ ಹೆಸರಲ್ಲಿ ಔಷಧಿಗೆ, ತೊಗಲು ಹದ ಮಾಡಲು ಮಾರುತ್ತಿದ್ದುದು ಇದೇ ಅಂಟು. ಬೇರಿನ ಒಳಗೆಲ್ಲ ಒದ್ದೆ ನಾರು, ಗರಗಸ ಪದೇ ಪದೇ ಸಿಕ್ಕಿಬೀಳುತ್ತಿತ್ತು. ತಮ್ಮ ಹಾರಿಯಿಂದ ಬೊಡ್ಡೆಯನ್ನು ಮೀಟಿ ಹಿಡಿದ, ನಾನು ಕುಯ್ದೆ. ಕಡೆಗೆ ಒಂದು ಬದಿಗೆ ವಾಲಿ ಬಿತ್ತು. ಒದ್ದೆ ಗೋಣಿಯಲ್ಲಿ ಬೇರು ಸುತ್ತಿ ಕಟ್ಟಿದೆವು. ಬುಡದ ಮಣ್ಣನ್ನೂ ಒಂದು ಚೀಲ ತುಂಬಿಕೊಂಡೆ. ತೊಗರಿಯಂತೆ ಮುತ್ತಲವೂ ದ್ವಿದಳ ಕುಲದ್ದು, ಬೇರಿನ ಜೊತೆ ಬಾಳುವ ಸೂಕ್ಷ್ಮಜೀವಿಗಳು ಹಳೆಯ ಮಣ್ಣಿನಲ್ಲೇ ಇರುತ್ತವೆ. ನಾವು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಏಳುವ ಹೊತ್ತಿಗೆ ಜೆಸಿಬಿ ಹೊಲಕ್ಕೆ ತಿರುಗಿತು.

ಮಾಳಿಗೆ ಮೇಲೆ ಸಿಮೆಂಟು ಕಲಸುವ ಬುಟ್ಟಿಗೆ ತೂತು ಹಾಕಿ, ಮುಕ್ಕಾಲು ಭಾಗ ಜರಡಿ ಹಿಡಿದ ಗರಸು, ಇಟ್ಟಂಗಿ ಚೂರು, ಮೇಲೆ ಆ ಹಳೆಯ ಮಣ್ಣು ಹಾಕಿ ನೆಟ್ಟೆ. ಗೊಬ್ಬರ ಹಾಕಲಿಲ್ಲ. ಮುತ್ತಲ ಯರಿಯಲ್ಲೂ ಸವಳಿನಲ್ಲೂ ಬೆಳೆಯುವ ಗಟ್ಟಿ ಜೀವ, ನಿಜ. ಆದರೆ ಯರಿ ಮಣ್ಣು ಕುಂಡದಲ್ಲಿ ನೀರು ಕುಡಿದರೆ ಬಿಗಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಕಡಿದ ಬೇರಿಗೆ ಗಾಳಿ ಆಡಬೇಕು. ನೀರಿನ ಟಾಕಿಯ ನೆರಳಿಗೆ ಇಟ್ಟೆ. ಮಿರಗ ಮಳೆ ಸುರಿಯುತ್ತಿರುವಾಗ ಹಳೆಯ ಗಾಯದ ಪಕ್ಕ ಮೊಗ್ಗು ಒಡೆಯಿತು. ಎಳೆ ಚಿಗುರಿನ ಮೇಲೆ ಮಖಮಲ್ಲಿನಂಥ ರೋಮ. ಅದನ್ನು ಕಂಡು ಕೂಗಿದ ಕೂಗಿಗೆ ಅವ್ವ ಕೆಳಗಿಂದ ಓಡಿ ಬಂದಳು.

ಮುಂದಿನದು ಕಾಯುವ ಕೆಲಸ. ಮುತ್ತಲದ ರೆಂಬೆ ಒರಟು, ತಂತಿ ಸುತ್ತುವುದಕ್ಕಿಂತ ಕತ್ತರಿಯಿಂದಲೇ ದಿಕ್ಕು ತಿರುಗಿಸುವುದು ವಾಸಿ. ಮಳೆಗಾಲ ಮುಗಿದ ಮೇಲೆ ಕತ್ತರಿ ಮುಟ್ಟಬಾರದು, ಹೂವು ಬರುವುದು ಆ ಸಲ ಬಲಿತ ರೆಂಬೆಯ ಮೇಲೆ. ನಮ್ಮ ಬೇಸಿಗೆ 43 ಡಿಗ್ರಿ ದಾಟುತ್ತದೆ, ಶಹಾಬಾದ ಫರ್ಸಿ ಹಾಸಿದ ಮಾಳಿಗೆ ಕಾಯ್ದ ಹಂಚಾಗುತ್ತದೆ. ಬುಟ್ಟಿಯನ್ನು ಇಟ್ಟಂಗಿ ಮೇಲೇರಿಸಿ, ಸುತ್ತ ಒದ್ದೆ ಗೋಣಿ ಕಟ್ಟಿ, ಎರಡು ಹೊತ್ತೂ ನೀರುಣಿಸಿದೆ.

ಮೂರನೆಯ ಶಿವರಾತ್ರಿಗೆ ಬೋಳು ರೆಂಬೆಯ ತುದಿಯಲ್ಲಿ ಮೊಗ್ಗಿನ ಗೊಂಚಲು ಬಂತು. ಮೊಗ್ಗಿನ ತೊಟ್ಟು, ಪುಷ್ಪಪಾತ್ರೆ ಎಲ್ಲ ಕಪ್ಪಿಗೆ ಹತ್ತಿರದ ಹಸಿರು, ಸವರಿದರೆ ಮಖಮಲ್ಲು. ಅದರಿಂದ ಕೇಸರಿ ಎಸಳು ಹೊರಬಂದು ಗಿಣಿಯ ಕೊಕ್ಕಿನಂತೆ ಬಾಗಿತು. ಬಿಸಿಲಿಗೆ ಹಿಡಿದು ನೋಡಿದರೆ ಎಸಳಿನ ಹೊರಮೈ ತುಂಬ ಬೆಳ್ಳಿ ರೋಮ. ಪರಿಮಳವಿಲ್ಲ, ಮಕರಂದ ಬೇಕಾದಷ್ಟು. ಸೂರಕ್ಕಿಗಳು ಹೊಲದ ಮರಕ್ಕೆ ಬಂದಂತೆಯೇ ಮಾಳಿಗೆಗೂ ಬಂದವು.

ಬೋನ್ಸಾಯಿಯಲ್ಲಿ ಎಲೆ ಸ್ವಲ್ಪ ಕಿರಿದಾಗುತ್ತದೆ, ಹೂವು ಕಿರಿದಾಗುವುದಿಲ್ಲ. ಎರಡು ಅಂಗುಲದ ಹೂವು ಎರಡು ಅಂಗುಲವೇ. ಸಣಕಲು ಕಾಂಡದ ಮೇಲೆ ಅಂಥ ಗೊಂಚಲು ಬಂದಿದ್ದರೆ ಗಿಡ ಅದರ ಕೆಳಗೆ ಕಾಣದೆ ಹೋಗುತ್ತಿತ್ತು. ಕೊಡಲಿ ತಿಂದ ಆ ದಪ್ಪ ಬೊಡ್ಡೆ ಹೂವಿನ ಭಾರ ಹೊತ್ತು ನಿಂತಿತು. ಮುತ್ತಲಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇಷ್ಟೇ: ಎಲೆಯ ಚಿಂತೆ ಬಿಡಿ, ಕಾಂಡ ಹುಡುಕಿ.

ಫೋಟೋ ನೋಡಿ ಕಾಕಾ ಫೋನ್ ಮಾಡಿದ್ದರು. ಹೊಲದಲ್ಲಿ ಉಳಿದಿದ್ದ ಬೇರು ತೊಗರಿ ಸಾಲಿನ ನಡುವೆ ಚಿಗಿತಿದೆಯಂತೆ. "ಅದನ್ನ ಬಾವಿ ದಂಡಿಗಿ ಹಚ್ಚಿದ್ರ ಹತ್ತತದೇನವ್ವಾ?" ಎಂದು ಕೇಳಿದರು. ಹತ್ತುತ್ತದೆ, ಮಿರಗ ಮಳೆ ಬೀಳಲಿ, ಬೇರು ತುಂಡಿನ ಸಮೇತ ಕಿತ್ತು ನೆಡೋಣ, ನಾನೇ ಬರುತ್ತೇನೆ ಅಂದೆ.